ದೇವಕಣಗಿಲೆ ಬೆಳೆಸುವ ವಿಧಾನ: ಒಂದು ವಿಮರ್ಶೆ

ನಿಮ್ಮ ಶಾಲೆಯ ಅಂಗಳದಲ್ಲೋ ಊರಿನ ದೇವಸ್ಥಾನದ ಪಕ್ಕದಲ್ಲೋ ಒಂದು ದೇವಕಣಗಿಲೆ ಮರ ಇದ್ದೇ ಇರುತ್ತದೆ. ಗೋಸಂಪಿಗೆ ಎಂದೋ ಹಾಲುಸಂಪಿಗೆ ಎಂದೋ ನೀವು ಕರೆಯುತ್ತಿರಬಹುದು. ಬೂದು ಬಣ್ಣದ ದಪ್ಪ ಕೊಂಬೆಗಳು, ತುದಿಯಲ್ಲಿ ಉದ್ದನೆಯ ಎಲೆಗಳ ಗೊಂಚಲು, ಐದೆಸಳಿನ ಬಿಳಿ ಹೂವಿನ ನಡುವೆ ಅರಿಸಿನದ ಛಾಯೆ, ಎಲ್ಲಿ ಮುರಿದರೂ ಒಸರುವ ಹಾಲು. ಹೆಸರಿನಲ್ಲಿ ಸಂಪಿಗೆ ಇದ್ದರೂ ಇದು ಸಂಪಿಗೆಯ ನೆಂಟನಲ್ಲ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪಗಳ ಅಪೋಸೈನೇಸಿ ಕುಟುಂಬಕ್ಕೆ ಸೇರಿದ್ದು. ದೇವಸ್ಥಾನದಲ್ಲಿ ಎಷ್ಟೇ ಹಳಬನಂತೆ ಕಂಡರೂ ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರೀಬಿಯನ್ ದ್ವೀಪಗಳು. ಫ್ರೆಂಚ್ ಸಸ್ಯವಿಜ್ಞಾನಿ ಶಾರ್ಲ್ ಪ್ಲೂಮಿಯೆಯ ನೆನಪಿಗಾಗಿ ಈ ಕುಲಕ್ಕೆ ಪ್ಲುಮೇರಿಯ ಎಂಬ ಹೆಸರು ಬಂದಿದೆ.

ಆದರೆ ಇಲ್ಲಿ ನನ್ನ ವಿಷಯ ಮರವಲ್ಲ, ಮರವನ್ನು ಬೆಳೆಸುವುದು ಹೇಗೆಂದು ಹೇಳುವ ಬರಹಗಳು. ಭಾನುವಾರದ ಪುರವಣಿ, ತೋಟಗಾರಿಕೆಯ ಕಿರುಹೊತ್ತಗೆ, ಫಲಪುಷ್ಪ ಪ್ರದರ್ಶನದಲ್ಲಿ ಹಂಚುವ ಕರಪತ್ರ, ಪರಿಸರ ಸಂಘದ ಕೈಪಿಡಿ ಇವೆಲ್ಲವುಗಳಲ್ಲಿ ‘ಬೆಳೆಸುವ ವಿಧಾನ’ ಎಂಬ ತಲೆಬರಹದ ಕೆಳಗೆ ಏಳೆಂಟು ಸಾಲುಗಳಿರುತ್ತವೆ. ಅವನ್ನು ನಾವು ವಿಜ್ಞಾನ ಸಾಹಿತ್ಯವೆಂದು ಓದುತ್ತೇವೆ, ಮಕ್ಕಳಿಗೂ ಓದಿಸುತ್ತೇವೆ. ಕತೆ ಕವಿತೆಗಳನ್ನು ವಿಮರ್ಶಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಈ ಏಳೆಂಟು ಸಾಲುಗಳನ್ನು ಯಾರೂ ವಿಮರ್ಶಿಸುವುದಿಲ್ಲ. ಭೌತಶಾಸ್ತ್ರದ ಮೇಷ್ಟ್ರಾದ ನನಗೆ ಆ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಸೋತವನಿಗಿರುವ ಅಧಿಕಾರ ಎಂದಿಟ್ಟುಕೊಳ್ಳಿ.

ಹತ್ತು ವರ್ಷಗಳಿಗೂ ಹಿಂದೆ ಒಂದು ಪ್ರೌಢಶಾಲೆಯ ವಿಜ್ಞಾನ ಶಿಬಿರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗಿದ್ದೆ. ಬೆಳಿಗ್ಗೆ ದ್ರವಗಳ ಮೇಲ್ಮೈ ಎಳೆತದ ಪಾಠ. ಬಣ್ಣದ ನೀರಿನಲ್ಲಿ ಸಪೂರ ಗಾಜಿನ ನಾಳಗಳನ್ನು ಅದ್ದಿ ತೋರಿಸಿದೆ. ಮಧ್ಯಾಹ್ನ ಹನ್ನೆರಡು ಕುಂಡಗಳಲ್ಲಿ ದೇವಕಣಗಿಲೆಯ ತುಂಡುಗಳನ್ನು ನೆಡುವ ಕಾರ್ಯಕ್ರಮ. ಕೈಪಿಡಿಯಲ್ಲಿದ್ದಂತೆ ಪ್ರತಿ ಕುಂಡದ ತಳಕ್ಕೂ ನಾಲ್ಕು ಬೆರಳು ದಪ್ಪ ಜಲ್ಲಿ ಹಾಕಿಸಿದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: “ಜಲ್ಲಿ ಯಾಕೆ ಸರ್?” ನೀರು ಚೆನ್ನಾಗಿ ಬಸಿಯಲಿ ಎಂದು, ಅಂದೆ. ಅವಳು ಬಿಡಲಿಲ್ಲ. “ಸಣ್ಣ ಸಂದಿಯಲ್ಲಿ ನೀರು ನಿಂತುಕೊಳ್ಳುತ್ತೆ ಅಂತ ಬೆಳಿಗ್ಗೆ ಹೇಳಿದ್ರಲ್ಲ ಸರ್. ಮಣ್ಣಿನಲ್ಲಿ ಸಣ್ಣ ಸಂದಿ, ಜಲ್ಲಿಯಲ್ಲಿ ದೊಡ್ಡ ಸಂದಿ. ಮತ್ತೆ ನೀರು ಮಣ್ಣು ಬಿಟ್ಟು ಜಲ್ಲಿಗೆ ಯಾಕೆ ಇಳಿಯುತ್ತೆ?” ಊಟದ ಗಂಟೆ ಬಾರಿಸಿತು. ನಾನು ನಕ್ಕು, ಕೈ ತೊಳೆಯಲು ಹೋದೆ.

ಗೌರಿ ಹಬ್ಬದ ಹೊತ್ತಿಗೆ ಆ ಶಾಲೆಯ ಶಿಕ್ಷಕರು ಫೋನ್ ಮಾಡಿದರು. ಹನ್ನೆರಡರಲ್ಲಿ ಒಂಬತ್ತು ತುಂಡುಗಳು ಬುಡದಿಂದ ಕೊಳೆತು ಮೆತ್ತಗಾಗಿದ್ದವು.

ಎಲ್ಲ ತಪ್ಪೂ ಜಲ್ಲಿಯದೇ ಎಂದು ನಾನು ಹೇಳುವುದಿಲ್ಲ. ಆ ವರ್ಷ ಮಳೆ ಜೋರಾಗಿತ್ತು, ತುಂಡುಗಳನ್ನು ಕಡಿದ ದಿನವೇ ನೆಟ್ಟಿದ್ದೆವು. ಆದರೆ ಹುಡುಗಿಯ ಪ್ರಶ್ನೆ ಸರಿಯಾಗಿತ್ತು, ಮೇಷ್ಟ್ರ ಉತ್ತರ ತಪ್ಪಾಗಿತ್ತು. ಲೆಕ್ಕ ಹಾಕಿ ನೋಡಿ. ಲೋಮನಾಳದಲ್ಲಿ ನೀರು ಏರುವ ಎತ್ತರ ನಾಳದ ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ತ್ರಿಜ್ಯ 0.1 ಮಿಲಿಮೀಟರ್ ಇದ್ದರೆ ನೀರು ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ತ್ರಿಜ್ಯ 3 ಮಿಲಿಮೀಟರ್ ಆದರೆ ಬರೀ 5 ಮಿಲಿಮೀಟರ್. ಮಣ್ಣಿನ ಕಣಗಳ ನಡುವಿನ ಸಂದಿಗಳು ಮೊದಲ ಜಾತಿಯವು, ಜಲ್ಲಿಯ ಸಂದಿಗಳು ಎರಡನೆಯ ಜಾತಿಯವು. ನೀರನ್ನು ಬಿಗಿಯಾಗಿ ಹಿಡಿದಿರುವ ಸಣ್ಣ ಸಂದಿ, ಹಿಡಿಯಲಾರದ ದೊಡ್ಡ ಸಂದಿಗೆ ಅದನ್ನು ತಾನಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ತೊಯ್ದು ತೊಟ್ಟಿಕ್ಕುವ ಸ್ಥಿತಿಗೆ ಬಂದ ಮೇಲಷ್ಟೆ ನೀರು ಕೆಳಗಿಳಿಯುತ್ತದೆ.

ಹಾಗಾದರೆ ಜಲ್ಲಿ ಮಾಡುವುದೇನು? ಕುಂಡ ಯಾವುದೇ ಆಗಲಿ, ನೀರು ಹರಿದು ನಿಂತ ಮೇಲೆ ಮಣ್ಣಿನ ಅತ್ಯಂತ ಕೆಳಭಾಗದಲ್ಲಿ ಒಂದು ತೊಯ್ದ ಪದರ ಉಳಿದೇ ಉಳಿಯುತ್ತದೆ. ಅದರ ದಪ್ಪವನ್ನು ನಿರ್ಧರಿಸುವುದು ಮಣ್ಣಿನ ಸಂದಿಗಳ ಗಾತ್ರ. ಕುಂಡದ ಎತ್ತರ 25 ಸೆಂಟಿಮೀಟರ್ ಇದ್ದು, ತಳದಲ್ಲಿ 5 ಸೆಂಟಿಮೀಟರ್ ಜಲ್ಲಿ ಹಾಕಿದರೆ ಆ ತೊಯ್ದ ಪದರ ಕರಗುವುದಿಲ್ಲ, ಅಷ್ಟೇ ದಪ್ಪವಾಗಿ 5 ಸೆಂಟಿಮೀಟರ್ ಮೇಲಕ್ಕೆ ಬಂದು ಕೂರುತ್ತದೆ. ಬೇರಿಗೆ ಸಿಗುವ ಗಾಳಿಯಾಡುವ ಮಣ್ಣು ಅಷ್ಟು ಕಡಿಮೆಯಾಯಿತು. ಕೊಳೆಯದಿರಲಿ ಎಂದು ಮಾಡಿದ ಉಪಾಯ ಕೊಳೆಯುವ ಜಾಗವನ್ನೇ ಬೇರಿನ ಹತ್ತಿರಕ್ಕೆ ತಂದಿತು. ರಂಧ್ರದಿಂದ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಮುಚ್ಚುವುದು ಬೇರೆ ಮಾತು. ಅದಕ್ಕೆ ನನ್ನ ತಕರಾರಿಲ್ಲ.

ಇದನ್ನು ತರಗತಿಯಲ್ಲಿ ತೋರಿಸಲು ಪಾತ್ರೆ ತೊಳೆಯುವ ಒಂದು ಸ್ಪಂಜು ಸಾಕು. ಪೂರ್ತಿ ನೆನೆಸಿ, ಮಟ್ಟಸವಾಗಿ ಅಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಹಿಂಡದೆ ಅದನ್ನು ಉದ್ದದ ಅಂಚಿನ ಮೇಲೆ ನಿಲ್ಲಿಸಿದಂತೆ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಅದೂ ನಿಂತ ಮೇಲೆ ಇನ್ನೊಂದು ಅಂಚಿನ ಮೇಲೆ, ಅಂದರೆ ಅತಿ ಎತ್ತರವಾಗುವಂತೆ ಹಿಡಿಯಿರಿ. ಇನ್ನೂ ಸ್ವಲ್ಪ ಸುರಿಯುತ್ತದೆ. ಸ್ಪಂಜು ಅದೇ, ರಂಧ್ರ ಅವೇ, ಬದಲಾದದ್ದು ಎತ್ತರ ಮಾತ್ರ. ತಗ್ಗಾದ ಕುಂಡ ಹೆಚ್ಚು ನೀರು ಹಿಡಿಯುತ್ತದೆ, ಎತ್ತರದ ಕುಂಡ ಕಡಿಮೆ ಹಿಡಿಯುತ್ತದೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಜಲ್ಲಿ ತುಂಬಿದ ಕುಂಡ ಎಂದರೆ ತಗ್ಗಾದ ಕುಂಡ ಎಂಬುದನ್ನು ಹೇಳಲು ಅವರಿಗೆ ಇನ್ನೊಂದು ನಿಮಿಷ ಬೇಕಾಗಬಹುದು.

ನೀರು ನಿಂತರೆ ಬೇರು ಸಾಯುವುದೇಕೆ? ‘ಅತಿಯಾದ ನೀರು ಹಾನಿಕರ’ ಎಂದು ಎಲ್ಲ ಬರಹಗಳೂ ಹೇಳುತ್ತವೆ, ಯಾಕೆಂದು ಹೇಳುವುದು ಅಪರೂಪ. ಬೇರು ಉಸಿರಾಡುತ್ತದೆ. ಆಮ್ಲಜನಕ ಗಾಳಿಯಲ್ಲಿ ವಿಸರಣೆಗೊಳ್ಳುವುದಕ್ಕೆ ಹೋಲಿಸಿದರೆ ನೀರಿನಲ್ಲಿ ವಿಸರಣೆಗೊಳ್ಳುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಅದೂ ಸಾಲದೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಒಂದು ಲೀಟರ್ ನೀರು ಕರಗಿಸಿಕೊಳ್ಳುವುದು 8 ಮಿಲಿಗ್ರಾಂ. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿತೆಂದರೆ ಬೇರಿನ ಮೂಗು ಮುಚ್ಚಿದಂತೆ. ದೇವಕಣಗಿಲೆಯ ದಪ್ಪ ಕಾಂಡ ತನ್ನೊಳಗೇ ನೀರು ಕೂಡಿಟ್ಟುಕೊಂಡಿರುತ್ತದೆ. ಬಾಯಾರಿಕೆ ತಡೆಯುತ್ತದೆ, ಉಸಿರುಕಟ್ಟುವುದನ್ನು ತಡೆಯದು. ಈ ಎರಡು ಅಂಕಿಗಳನ್ನು ಕೊಟ್ಟಿದ್ದರೆ ಕೈಪಿಡಿಗೆ ಒಂದು ಸಾಲು ಹೆಚ್ಚಾಗುತ್ತಿತ್ತು, ಅಷ್ಟೆ.

ನೆಲದಲ್ಲಿ ನೆಡುವವರಿಗೆ ಕೊಡುವ ಸಲಹೆಯಲ್ಲೂ ಇದೇ ಕುರುಡುತನವಿದೆ. ‘ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಮರಳು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ’ ಎಂಬ ಸೂತ್ರ ಕೋಲಾರದ ಕೆಂಪು ನೆಲಕ್ಕೂ ವಿಜಯಪುರದ ಎರೆಭೂಮಿಗೂ ಒಂದೇ. ಜಿಗುಟಾದ ಎರೆಮಣ್ಣಿನ ನಡುವೆ ಮರಳು ತುಂಬಿದ ಗುಂಡಿ ಎಂದರೆ ತಳ ತೂತಿಲ್ಲದ ತೊಟ್ಟಿ. ಮಳೆಯ ನೀರು ಒಳಗೆ ಬರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಅಲ್ಲಿ ಗುಂಡಿಗಿಂತ ಏರಿಸಿದ ದಿಬ್ಬವೇ ಮೇಲು.

ಇನ್ನು ‘ಮಧ್ಯಾಹ್ನ ಎಲೆಯ ಮೇಲೆ ನೀರು ಹಾಕಬೇಡಿ, ಹನಿಗಳು ಮಸೂರದಂತೆ ವರ್ತಿಸಿ ಎಲೆಯನ್ನು ಸುಡುತ್ತವೆ’ ಎಂಬ ಪ್ರಸಿದ್ಧ ವಾಕ್ಯ. ಈ ವಾಕ್ಯ ನನಗೆ ವಿಶೇಷ ನೋವುಂಟುಮಾಡುತ್ತದೆ. ಬರೆದವರು ಭೌತಶಾಸ್ತ್ರದ ಮಾತೊಂದನ್ನು ತಂದಿದ್ದಾರಲ್ಲ ಎಂದು ಸಂತೋಷಪಡುವಷ್ಟರಲ್ಲಿ ಆ ಮಾತು ತಪ್ಪಾಗಿರುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಪೂರ್ಣ ಗೋಳಾಕಾರದ ಹನಿಯ ಸಂಗಮದೂರವನ್ನು ಕೇಂದ್ರದಿಂದ ಅಳೆದರೆ ಅದು ತ್ರಿಜ್ಯದ ಸುಮಾರು ಎರಡರಷ್ಟು. ಅಂದರೆ ಬೆಳಕು ಒಂದುಗೂಡುವ ಬಿಂದು ಹನಿಯ ಕೆಳ ಮೇಲ್ಮೈಯಿಂದ ಇನ್ನೂ ಒಂದು ತ್ರಿಜ್ಯದಷ್ಟು ಕೆಳಗಿದೆ. ಆದರೆ ಎಲೆ ಹನಿಗೆ ಅಂಟಿಕೊಂಡೇ ಇದೆ! ನಿಜವಾದ ಹನಿ ಎಲೆಯ ಮೇಲೆ ಚಪ್ಪಟೆಯಾಗಿ ಕೂರುವುದರಿಂದ ಸಂಗಮಬಿಂದು ಮತ್ತಷ್ಟು ದೂರ ಹೋಗುತ್ತದೆ. ಸಾಲದ್ದಕ್ಕೆ ಹನಿ ಎಲೆಯನ್ನು ತಂಪು ಮಾಡುತ್ತಿರುತ್ತದೆ.

ಹಂಗೆರಿಯ ವಿಜ್ಞಾನಿಗಳು ಇದನ್ನು ಲೆಕ್ಕಕ್ಕೆ ಬಿಡದೆ ಪ್ರಯೋಗಕ್ಕೂ ಒಡ್ಡಿದರು. ಆಡಮ್ ಎಗ್ರಿ, ಗಾಬೋರ್ ಹೋರ್ವಾತ್ ಮತ್ತು ಸಂಗಡಿಗರ ಪ್ರಬಂಧ 2010ರಲ್ಲಿ ‘ನ್ಯೂ ಫೈಟಾಲಜಿಸ್ಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನುಣುಪಾದ ಎಲೆಗಳ ಮೇಲೆ ಬಿಸಿಲಿನಲ್ಲಿಟ್ಟ ನೀರಿನ ಹನಿಗಳು ಸುಟ್ಟ ಕಲೆ ಮಾಡಲಿಲ್ಲ. ಗಾಜಿನ ಗುಂಡುಗಳು ಮಾಡಿದವು. ಗಾಜಿನ ಸೂಚ್ಯಂಕ 1.5 ಇರುವುದರಿಂದ ಅದರ ಸಂಗಮಬಿಂದು ಗುಂಡಿಗೆ ಹತ್ತಿರ. ಸಾಲ್ವಿನಿಯದಂಥ ರೋಮಭರಿತ ಎಲೆಗಳಲ್ಲಿ ಮಾತ್ರ ಹನಿ ರೋಮಗಳ ತುದಿಯಲ್ಲಿ ನಿಂತು, ಎಲೆಗೂ ಹನಿಗೂ ನಡುವೆ ಅಂತರ ಉಂಟಾಗಿ, ಸುಡುವ ಸಂದರ್ಭವಿದೆ. ದೇವಕಣಗಿಲೆಯ ಮಾಮೂಲಿ ಜಾತಿಗಳ ಎಲೆಯ ಮೇಲ್ಭಾಗ ನುಣುಪು.

ಕಾರಣ ತಪ್ಪಾದರೇನಂತೆ, ಸಲಹೆ ಸರಿಯಿದೆಯಲ್ಲ, ನಡು ಮಧ್ಯಾಹ್ನ ಹಾಕಿದ ನೀರು ಆವಿಯಾಗಿ ವ್ಯರ್ಥವಲ್ಲವೇ ಎಂದು ಒಬ್ಬ ಸಹೋದ್ಯೋಗಿ ವಾದಿಸಿದರು. ತಪ್ಪು ಕಾರಣ ಸುಮ್ಮನೆ ಕೂರುವುದಿಲ್ಲ, ಮುಂದಿನ ತಪ್ಪಿಗೆ ಕರೆದೊಯ್ಯುತ್ತದೆ. ಮಸೂರದ ಮಾತು ನಂಬಿದವರು ಸೂರ್ಯ ಮುಳುಗಿದ ಮೇಲೆ ನಿಶ್ಚಿಂತೆಯಿಂದ ಎಲೆಗಳಿಗೆಲ್ಲ ನೀರು ಚಿಮುಕಿಸುತ್ತಾರೆ. ಎಲೆ ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಮಳೆಗಾಲದಲ್ಲಿ ದೇವಕಣಗಿಲೆಯ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡಿದ್ದೀರಲ್ಲ? ಅದು ಕೋಲಿಯೋಸ್ಪೋರಿಯಂ ಎಂಬ ತುಕ್ಕುರೋಗದ ಶಿಲೀಂಧ್ರ. ಅದರ ಬೀಜಾಣುಗಳಿಗೆ ಬೇಕಾದದ್ದು ಇಂಥ ಒದ್ದೆ ಎಲೆಯೇ. ನೀರು ಹಾಕುವುದಾದರೆ ಬೆಳಿಗ್ಗೆ, ಬುಡಕ್ಕೆ.

ನನ್ನ ಮೂರನೆಯ ತಕರಾರು ಅನುವಾದದ್ದು. ‘ದಕ್ಷಿಣದ ಗೋಡೆಯ ಪಕ್ಕ ನೆಡಿ, ಚಳಿಗಾಲದಲ್ಲಿ ಮನೆಯೊಳಗೆ ಇಡಿ’ ಎಂದು ಕನ್ನಡದಲ್ಲಿ ಓದಿದಾಗ ಈ ವಾಕ್ಯ ಎಲ್ಲಿಂದ ಬಂದಿದೆ ಎಂದು ಹೇಳಲು ಪತ್ತೇದಾರ ಬೇಕಿಲ್ಲ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ನಡುಹಗಲಿಗೆ ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿರುತ್ತಾನೆ. ಅಲ್ಲಿ ದಕ್ಷಿಣದ ಗೋಡೆ ಗಿಡಕ್ಕೆ ಕಂಬಳಿಯಿದ್ದಂತೆ. ಬೆಂಗಳೂರಿನಲ್ಲಿ ಅದೇ ದಿನ ಅದೇ ಹೊತ್ತಿಗೆ ಸೂರ್ಯ 53 ಡಿಗ್ರಿಗೂ ಹೆಚ್ಚು ಎತ್ತರದಲ್ಲಿರುತ್ತಾನೆ. ಅಷ್ಟೇ ಅಲ್ಲ, ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕಿರುತ್ತಾನೆ. ಶೂನ್ಯ ನೆರಳಿನ ದಿನವನ್ನು ಶಾಲೆಗಳಲ್ಲಿ ಆಚರಿಸುವ ನಿಮಗೆ ಇದು ಹೊಸತಲ್ಲ. ಬೀದರಿನಲ್ಲಿ ಈ ಅವಧಿ ಮೇ ಎರಡನೆಯ ವಾರದಿಂದ ಜುಲೈ ಅಂತ್ಯದವರೆಗೆ. ದೇವಕಣಗಿಲೆ ಚಿಗುರಿ ಹೂವಿಗೆ ಸಜ್ಜಾಗುವ ಈ ತಿಂಗಳುಗಳಲ್ಲಿ ದಕ್ಷಿಣದ ಗೋಡೆಗೆ ಒತ್ತಿ ನೆಟ್ಟ ಗಿಡ ಗೋಡೆಯ ನೆರಳಿಗೇ ಸಿಗಬಹುದು. ಒಂದೇ ಆಕಾಶದ ಕೆಳಗಿನ ಸಲಹೆಯನ್ನು ಇನ್ನೊಂದು ಅಕ್ಷಾಂಶಕ್ಕೆ ಅನುವಾದಿಸುವಾಗ ಪದಗಳ ಜೊತೆಗೆ ಕೋನವನ್ನೂ ಅನುವಾದಿಸಬೇಕು.

ಚಳಿಗಾಲದ ಮಾತೂ ಹೀಗೆಯೇ. ನಮ್ಮ ಬಯಲುಸೀಮೆಯಲ್ಲಿ ಈ ಮರ ಎಲೆ ಉದುರಿಸುವುದು ಹಿಮಕ್ಕೆ ಹೆದರಿ ಅಲ್ಲ. ಒಣ ಋತುವಿನಲ್ಲಿ ಎಲೆಯಿಂದ ನೀರು ಹೋಗುವುದನ್ನು ನಿಲ್ಲಿಸಲು. ಇದನ್ನು ಹೇಳದೆ ‘ದಿನವೂ ನೀರು ಹಾಕಿ’ ಎಂದು ಬರೆದರೆ ಓದುಗರು ಜನವರಿಯಲ್ಲಿ ಬೋಳು ಕೊಂಬೆ ಕಂಡು ಗಾಬರಿಯಾಗಿ ಎರಡು ಹೊತ್ತು ನೀರು ಸುರಿಯುತ್ತಾರೆ. ಎಲೆಯಿಲ್ಲದ ಗಿಡ ಆ ನೀರನ್ನು ಎಲ್ಲಿಗೆ ಕಳಿಸಬೇಕು?

‘ಸಾಕಷ್ಟು’, ‘ಮಿತವಾಗಿ’, ‘ಉತ್ತಮ ಬಿಸಿಲು’. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿ ‘ಸಾಕಷ್ಟು ವಿದ್ಯುತ್ ಹರಿಸಲಾಯಿತು’ ಎಂದು ಬರೆದರೆ ನಾನು ಕೆಂಪು ಶಾಯಿಯಲ್ಲಿ ಗೀಚುತ್ತೇನೆ. ಬಿಸಿಲಿನ ವಿಷಯದಲ್ಲಂತೂ ನಮ್ಮ ಕಣ್ಣೇ ದೊಡ್ಡ ಸುಳ್ಳುಗಾರ. ಮಧ್ಯಾಹ್ನದ ತೆರೆದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮನೆಯೊಳಗಿನ ಬೆಳಕಾದ ಕೋಣೆ ಕೆಲವು ನೂರು ಲಕ್ಸ್. ನೂರಾರು ಪಟ್ಟು ವ್ಯತ್ಯಾಸ, ಆದರೂ ಎರಡೂ ಕಡೆ ಆರಾಮವಾಗಿ ಪತ್ರಿಕೆ ಓದುತ್ತೇವೆ. ‘ಪಡಸಾಲೆಯಲ್ಲಿ ಒಳ್ಳೆಯ ಬೆಳಕಿದೆ’ ಎಂದು ನಂಬಿ ಅಲ್ಲಿಟ್ಟ ದೇವಕಣಗಿಲೆ ವರ್ಷಗಟ್ಟಲೆ ಎಲೆ ಬಿಟ್ಟು ಹೂ ಬಿಡದಿದ್ದರೆ ಅದು ಬಂಜೆ ಗಿಡವಲ್ಲ, ಹಸಿದ ಗಿಡ. ಈಗ ಮೊಬೈಲ್ ಫೋನಿನಲ್ಲೇ ಬೆಳಕನ್ನು ಅಂದಾಜು ಅಳೆಯಬಹುದು. ಮಕ್ಕಳಿಂದ ಅಂಗಳದ ನಕ್ಷೆ ಮಾಡಿಸಿ, ಗಂಟೆಗೊಮ್ಮೆ ಅಂಕಿ ಬರೆಸಿ. (ಹೂ ಬರಲೆಂದು ರಂಜಕದ ಗೊಬ್ಬರ ಸುರಿಯುವ ಸಲಹೆಯ ವಿಚಾರಣೆಯನ್ನು ರಸಾಯನಶಾಸ್ತ್ರದ ಮೇಷ್ಟ್ರಿಗೆ ಬಿಡುತ್ತೇನೆ.)

ಇಷ್ಟೆಲ್ಲ ದೂರಿದ ಮೇಲೂ ದೊಡ್ಡ ಕೊರತೆಯೊಂದು ಉಳಿದಿದೆ. ಈ ಬರಹಗಳಲ್ಲಿ ಮಣ್ಣಿದೆ, ಗೊಬ್ಬರವಿದೆ, ಮರವೇ ಇಲ್ಲ. ಬರೆದವರು ಕತ್ತೆತ್ತಿ ನೋಡಿದ್ದರೆ ಒಂದು ವಿಷಯ ಕಾಣುತ್ತಿತ್ತು. ದೇವಕಣಗಿಲೆ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಹೂಗೊಂಚಲು ಬಂದ ಮೇಲೆ ಆ ತುದಿಯ ಬೆಳವಣಿಗೆ ಮುಗಿಯಿತು. ಅದರ ಕೆಳಗಿನಿಂದ ಎರಡು ಮೂರು ಹೊಸ ಕೊಂಬೆಗಳು ಕವಲೊಡೆಯುತ್ತವೆ. ಯಾರೂ ಕಡಿಯದ ಮರವಾದರೆ ಬುಡದಿಂದ ತುದಿಯವರೆಗೆ ಕವಲುಗಳನ್ನು ಎಣಿಸುತ್ತ ಹೋಗಿ, ಆ ಕೊಂಬೆ ಎಷ್ಟು ಸಲ ಹೂ ಬಿಟ್ಟಿದೆ ಎಂಬ ಅಂದಾಜು ಸಿಗುತ್ತದೆ. ಮರವೇ ತನ್ನ ದಿನಚರಿ ಬರೆದಿಟ್ಟಿದೆ. ‘ಚಿಗುರುವ ಮುನ್ನ ತುದಿಗಳನ್ನೆಲ್ಲ ಕತ್ತರಿಸಿ’ ಎಂಬ ಸಲಹೆ ಪಾಲಿಸಿದವರಿಗೆ ಆ ವರ್ಷ ಹೂ ಯಾಕೆ ಕಡಿಮೆ ಎಂಬುದಕ್ಕೂ ಇಲ್ಲೇ ಉತ್ತರವಿದೆ.

ಪರಿಮಳದ ಕತೆ ಇನ್ನೂ ಸ್ವಾರಸ್ಯ. ಸಂಜೆಯಾಗುತ್ತಲೇ ಘಮ್ಮೆನ್ನುವ ಈ ಹೂವಿನಲ್ಲಿ ಮಕರಂದವೇ ಇಲ್ಲ. ಪ್ಲುಮೇರಿಯ ರುಬ್ರ ಜಾತಿಯನ್ನು ಅದರ ತವರಿನಲ್ಲಿ ಅಧ್ಯಯನ ಮಾಡಿದ ವಿಲಿಯಂ ಹೇಬರ್ 1984ರಲ್ಲಿ ಇದನ್ನು ವಂಚನೆಯ ಪರಾಗಸ್ಪರ್ಶ ಎಂದೇ ವರ್ಣಿಸಿದರು. ಉದ್ದ ನಾಲಿಗೆಯ ಹಾಕ್ ಪತಂಗಗಳು ವಾಸನೆಗೆ ಮರುಳಾಗಿ ಹೂವಿಂದ ಹೂವಿಗೆ ಹುಡುಕುತ್ತ, ಏನೂ ಸಿಗದೆ, ಪರಾಗವನ್ನು ಹೊತ್ತು ಹೋಗುತ್ತವೆ. ನಮ್ಮಲ್ಲಿ ಈ ಮರಕ್ಕೆ ಜೋಡಿ ಕೊಂಬಿನಂಥ ಕಾಯಿ ಬಿಡುವುದು ಅಪರೂಪ. ಹಾಗಾಗಿ ತುಂಡು ನೆಟ್ಟು ಬೆಳೆಸುವುದೇ ವಾಡಿಕೆ. ಒಂದು ಬೀದಿಯ ಎಲ್ಲ ಮರಗಳೂ ಒಂದೇ ಮರದ ತುಂಡುಗಳಾಗಿರಬಹುದು. ‘ಸುಗಂಧಭರಿತ ಆಕರ್ಷಕ ಹೂಗಳು’ ಎಂಬ ಸವೆದ ಮಾತಿನ ಜಾಗದಲ್ಲಿ ಈ ಕತೆಯನ್ನು ಹೇಳಬಾರದೇ?

ಜಾಗ ಸಾಲದು, ಓದುಗರಿಗೆ ಸರಳವಾಗಿರಬೇಕು ಎಂದು ಸಂಪಾದಕರು ಹೇಳುತ್ತಾರೆ. ಒಪ್ಪುತ್ತೇನೆ, ನಾನೂ ಅಂಥ ಲೇಖನಗಳನ್ನು ಅವಸರದಲ್ಲಿ ಬರೆದುಕೊಟ್ಟವನೇ. ಆದರೆ ಕನ್ನಡದ ಸಾಮಾನ್ಯ ಓದುಗರಿಗೆ ಸಸ್ಯವಿಜ್ಞಾನ ರುಚಿಸದು ಎಂಬ ಮಾತನ್ನು ಒಪ್ಪಲಾರೆ. ವಿದ್ಯಾರ್ಥಿಗಳ ಜೊತೆ ಪಶ್ಚಿಮಘಟ್ಟ ಸುತ್ತುತ್ತ ಗಿಡಮರಗಳನ್ನು ಪರಿಚಯಿಸುವ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ. ಅದನ್ನು ಓದಿದವರಲ್ಲಿ ಸಸ್ಯವಿಜ್ಞಾನಿಗಳೆಷ್ಟು, ಉಳಿದವರೆಷ್ಟು?

ಕಾರಣ ಹೇಳಲು ಪದವಿಯೂ ಬೇಕಿಲ್ಲ. ಆ ಒಂಬತ್ತು ತುಂಡುಗಳು ಕೊಳೆತ ಮೇಲೆ ನಾನು ಹೋಗಿ ವಿಚಾರಿಸಿದ್ದು ಒಬ್ಬ ನರ್ಸರಿಯವರನ್ನು. “ಗಾಯ ಆರೋವರೆಗೂ ಮಣ್ಣಿಗೆ ಇಡಬಾರದು ಸಾರ್. ನಿಮ್ಮ ಕೈ ಕುಯ್ಕೊಂಡ್ರೆ ಕೆಸರಿಗೆ ಇಡ್ತೀರಾ?” ಎಂದರು. ಕಡಿದ ತುಂಡನ್ನು ನೆರಳಿನಲ್ಲಿ ಒಂದೆರಡು ವಾರ ಒಣಗಿಸಬೇಕು. ಹಾಲು ಹೆಪ್ಪುಗಟ್ಟಿ, ಕೊಯ್ದ ಮುಖ ಗಟ್ಟಿಯಾಗಿ, ಬೆರಳಿಂದ ಒತ್ತಿದರೆ ಚರ್ಮದಂತಿರಬೇಕು. ಎಷ್ಟು ದಿನ ಎಂದು ಕೇಳಿದ್ದಕ್ಕೆ ದಿನ ಎಣಿಸಬೇಡಿ, ಮುಟ್ಟಿ ನೋಡಿ ಎಂದರು. ನಾನು ಓದಿದ ಬರಹಗಳಲ್ಲಿ ಹಲವು ‘ತುಂಡನ್ನು ಒಣಗಿಸಿ ನೆಡಿ’ ಎಂದಿದ್ದವು. ಯಾಕೆಂದೂ ಯಾವಾಗ ಸಾಕೆಂದೂ ಹೇಳಿದ್ದು ಈ ಮನುಷ್ಯ.

ಈ ಬೇಸಿಗೆಯಲ್ಲಿ ನಿಮ್ಮ ಮಕ್ಕಳಿಂದ ಇದನ್ನೇ ಮಾಡಿಸಿ ನೋಡಿ. ಒಂದು ಅಡಿ ಉದ್ದದ ಆರು ತುಂಡುಗಳು ಸಾಕು. ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಲಿ, ಕೆಲಸವಾದ ಮೇಲೆ ಕೈ ತೊಳೆಸಿ. ದಿನವೂ ಒಂದೇ ಹೊತ್ತಿಗೆ ತಕ್ಕಡಿಯಲ್ಲಿ ತೂಗಿ ಆಲೇಖ ಬರೆಸಿ. ತೂಕ ಇಳಿಯುವ ವೇಗ ಯಾವ ದಿನದಿಂದ ತಗ್ಗಿತು, ಆ ದಿನ ಕೊಯ್ದ ಮುಖ ಹೇಗಿತ್ತು ಎಂದು ಪಕ್ಕದಲ್ಲಿ ಬರೆಯಲಿ. ಆಮೇಲೆ ಮೂರನ್ನು ಜಲ್ಲಿ ಹಾಕಿದ ಕುಂಡಗಳಲ್ಲಿ, ಮೂರನ್ನು ಜಲ್ಲಿಯಿಲ್ಲದ ಅಷ್ಟೇ ಎತ್ತರದ ಕುಂಡಗಳಲ್ಲಿ, ಅದೇ ಮಣ್ಣು, ಅದೇ ಬಿಸಿಲು, ಅಳೆದ ನೀರು ಕೊಟ್ಟು ನೆಡಿಸಿ. ನನ್ನ ಮನೆಯ ಪಡಸಾಲೆಯಲ್ಲೂ ಆರು ತುಂಡುಗಳು ಒಣಗುತ್ತಿವೆ. ಆ ಹುಡುಗಿ ಈಗ ಎಲ್ಲಿದ್ದಾಳೋ. ಅವಳ ಪ್ರಶ್ನೆಯನ್ನು ಕುಂಡಗಳ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.